ಹನ್ನೆರಡನೇ ಸೆಕ್ಷನ್

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ತಾರೆ ಅನ್ನೋ ಮಾತು ನೀವೂ ಕೇಳಿರ್ತೀರಿ. ನಮ್ಮ ಕಡೆ ಯಾವ ಟೀ ಅಂಗಡಿಯಲ್ಲಿ ಕೇಳಿದರೂ ಪಟ್ಟಿ ಸಿಗುತ್ತೆ. ದೇವರಾಜ ಅರಸು ಬಂದು ಹೋದರು, 1980ರಲ್ಲಿ ಅಧಿಕಾರ ಹೋಯ್ತು. ಗುಂಡೂರಾವ್ ಬಂದರು, 1983ರಲ್ಲಿ ಹೋಯ್ತು. ಆಮೇಲೆ ರಾಮಕೃಷ್ಣ ಹೆಗಡೆ 1988ರಲ್ಲಿ, ಎಸ್.ಆರ್. ಬೊಮ್ಮಾಯಿ 1989ರಲ್ಲಿ, ವೀರೇಂದ್ರ ಪಾಟೀಲ್ 1990ರಲ್ಲಿ. ಒಟ್ಟು ಐದು ಉದಾಹರಣೆ, ಅಷ್ಟೇ ಸಾಕಾಯ್ತು. 1997ರಲ್ಲಿ ಮೈಸೂರಿನಿಂದ ಬೇರೆಯಾಗಿ ಹೊಸ ಜಿಲ್ಲೆ ಹುಟ್ಟಿದಾಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಅದನ್ನು ಉದ್ಘಾಟಿಸಿದ್ದು ಜಿಲ್ಲಾ ಕೇಂದ್ರದಲ್ಲಲ್ಲ, ಮಲೆ ಮಹದೇಶ್ವರ ಬೆಟ್ಟದಲ್ಲಿ.

ಮೂಢನಂಬಿಕೆ ಅಂತ ನಕ್ಕು ಬಿಡಬಹುದು. ಆದರೆ ಡೇಟಾ ಜೊತೆ ಕೆಲಸ ಮಾಡೋರಿಗೆ ಇದು ತುಂಬಾ ಪರಿಚಿತ ವಿಷಯ. ಹಳೇ ದಾಖಲೆ ತಗೊಂಡರು, ಅದರಲ್ಲೊಂದು ಹೊಂದಾಣಿಕೆ ಕಂಡರು, ಅದನ್ನೇ ನಿಯಮ ಮಾಡಿ ಮುಂದಿನ ತೀರ್ಮಾನಕ್ಕೆ ಬಳಸಿದರು. ಈ ರಾಜ್ಯದಲ್ಲಿ ಪೂರ್ತಿ ಐದು ವರ್ಷ ಕುರ್ಚಿಯಲ್ಲಿ ಕೂತ ಮುಖ್ಯಮಂತ್ರಿಗಳೇ ಬೆರಳೆಣಿಕೆಯಷ್ಟು ಅನ್ನೋದನ್ನ ಯಾರೂ ಲೆಕ್ಕಕ್ಕೆ ತಗೊಳ್ಳಲಿಲ್ಲ. ಅದೇ ಮುಖ್ಯಮಂತ್ರಿಗಳು ತುಮಕೂರಿಗೂ ಹೋಗಿದ್ದರು, ದಾವಣಗೆರೆಗೂ ಹೋಗಿದ್ದರು. ಆ ಊರುಗಳ ಮೇಲೆ ಯಾರೂ ಅಪವಾದ ಹೊರಿಸಲಿಲ್ಲ. 2013ರಲ್ಲಿ ಸಿದ್ದರಾಮಯ್ಯ ಬಂದರು, ಮತ್ತೆ ಮತ್ತೆ ಬಂದರು, ಅವಧಿ ಪೂರ್ತಿ ಮುಗಿಸಿದರು. ಅಷ್ಟರಲ್ಲಿ ಒಂದು ಊರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ 'ಹೈ ರಿಸ್ಕ್' ಪಟ್ಟಿಯಲ್ಲಿ ಇದ್ದದ್ದಾಯ್ತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಜೆ.ಎಚ್. ಪಟೇಲರಿಗೆ ಚಾಮರಾಜನಗರದ ಜನರ ಮೇಲೆ ದ್ವೇಷವೇನೂ ಇರಲಿಲ್ಲ. ಅನ್ಯಾಯ ಆಯ್ತು, ಆದರೆ ಅನ್ಯಾಯ ಮಾಡಬೇಕು ಅಂತ ಹೊರಟವರು ಯಾರೂ ಇರಲಿಲ್ಲ. ಹಾಗಾದರೆ ಯಾರನ್ನ ಕೇಳೋದು? ಅಲ್ಗಾರಿದಮ್‌ಗಳು ಮಾಡುವ ತಾರತಮ್ಯಕ್ಕೆ ಕಾನೂನು ಬೇಕು ಅಂತ ಇವತ್ತು ಜಗತ್ತಿನಾದ್ಯಂತ ನಡೀತಿರೋ ಚರ್ಚೆಯ ನಡುಮಧ್ಯೆ ಇರೋದು ಇದೇ ಪ್ರಶ್ನೆ.

ನಾನು ಗುಂಡ್ಲುಪೇಟೆ ಕಡೆಯವನು, ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ. ಕೆಲವು ವರ್ಷ ಸಣ್ಣ ಸಾಲ ಕೊಡುವ ಆ್ಯಪ್ ಒಂದರ ಹಿಂದಿನ ತಂಡದಲ್ಲಿದ್ದೆ. ಅಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳ್ತಿದ್ದ ಮಾತು ಒಂದೇ: "ನಾವು ಜಾತಿ ಕೇಳೋದೇ ಇಲ್ಲ." ನಿಜ, ಕೇಳ್ತಿರಲಿಲ್ಲ. ಹೆಸರು ಕೇಳ್ತಿದ್ದೆವು, ಅಪ್ಪನ ಹೆಸರು ಕೇಳ್ತಿದ್ದೆವು, ವಿಳಾಸ, ಪಿನ್‌ಕೋಡ್, ಯಾವ ಫೋನು, ಎಷ್ಟು ಸಲ ರೀಚಾರ್ಜ್. ನಮ್ಮ ಕಡೆಯ ಹಳ್ಳಿ ನೋಡಿದವರಿಗೆ ಗೊತ್ತು, ವಿಳಾಸ ಅಂದರೇನೇ ಜಾತಿ. ನಾಯಕರ ಬೀದಿ, ಉಪ್ಪಾರರ ಬೀದಿ, ಕುರುಬರ ಬೀದಿ. ಹಿಂದೆ ಕೇರಿ ಅಂತ ಕರೀತಿದ್ದ ಜಾಗಕ್ಕೆ ಜನ ಹಟ ಹಿಡಿದು, ಹೋರಾಡಿ ಅಂಬೇಡ್ಕರ್ ಬೀದಿ ಅಂತ ಬೋರ್ಡ್ ಹಾಕಿಸಿದರು. ಅದು ಅವರ ಅಭಿಮಾನ. ಮೆಷಿನ್ನಿಗೆ ಅಭಿಮಾನ ತಿಳಿಯಲ್ಲ. ಆ ಎರಡು ಪದ ಇರೋ ವಿಳಾಸಗಳಿಂದ ಹಿಂದೆ ಯಾರಿಗೂ ಸಾಲ ಸಿಕ್ಕಿಲ್ಲ, ಹಾಗಾಗಿ ಯಾರೂ ಸಾಲ ತೀರಿಸಿದ ದಾಖಲೆಯೂ ಇಲ್ಲ, ಅಷ್ಟು ಮಾತ್ರ ಅದು ಓದುತ್ತೆ.

ಈ ಕಾಯ್ದೆಗಳ ಚರ್ಚೆ ಕೇಳಿದಾಗೆಲ್ಲ ನಮ್ಮೋರು ಅಮೆರಿಕದಿಂದಲೋ ಯುರೋಪಿನಿಂದಲೋ ಶುರು ಮಾಡ್ತಾರೆ. ನನಗನ್ನಿಸೋದು, ಚಾಮರಾಜನಗರದಿಂದಲೇ ಶುರು ಮಾಡಬಹುದು. ಯಾಕಂದರೆ 'ನಾಗರಿಕ ಹಕ್ಕು' ಅನ್ನೋ ಪದಕ್ಕೆ ನಮ್ಮ ಕಾನೂನಿನಲ್ಲಿ ಅರ್ಥ ಬಂದದ್ದೇ ಬಾವಿ, ಹೋಟೆಲ್ಲು, ಕ್ಷೌರದಂಗಡಿಗಳ ಮೂಲಕ.

ಈಗಿನ ಚಾಮರಾಜನಗರ ಜಿಲ್ಲೆಯ ನಕ್ಷೆ ನೋಡಿ. 1956ರ ನವೆಂಬರ್ 1ರವರೆಗೆ ಇದರ ನಡುವೆ ಒಂದು ಗಡಿ ಇತ್ತು. ಚಾಮರಾಜನಗರ, ಗುಂಡ್ಲುಪೇಟೆ, ಯಳಂದೂರು ಮೈಸೂರು ಸಂಸ್ಥಾನದಲ್ಲಿ. ಪಕ್ಕದ ಕೊಳ್ಳೇಗಾಲ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿ. ಮದ್ರಾಸಿನಲ್ಲಿ 1938ರಲ್ಲೇ ಎಂ.ಸಿ. ರಾಜಾ ಅವರ ಪ್ರಯತ್ನದಿಂದ ನಾಗರಿಕ ಅನರ್ಹತೆಗಳನ್ನು ತೆಗೆದುಹಾಕುವ ಕಾಯ್ದೆ ಬಂತು. ಮೈಸೂರಿನಲ್ಲಿ ಅಂಥದೇ ಕಾಯ್ದೆ ಬಂದದ್ದು 1943ರಲ್ಲಿ, ದೇವಸ್ಥಾನ ಪ್ರವೇಶದ ಕಾಯ್ದೆ 1948ರಲ್ಲಿ. ಅಂದರೆ ಐದು ವರ್ಷ ಕಾಲ ಕೊಳ್ಳೇಗಾಲದ ಸಾರ್ವಜನಿಕ ಬಾವಿಯಲ್ಲಿ ನೀರು ಸೇದೋದಕ್ಕೆ ಕಾಯ್ದೆಯ ಬೆಂಬಲ ಇದ್ದ ಮನುಷ್ಯನಿಗೆ, ಗಡಿ ದಾಟಿ ಸಂತೇಮರಹಳ್ಳಿಗೆ ಬಂದರೆ ಆ ಬೆಂಬಲ ಇರಲಿಲ್ಲ. ಕಾಗದದ ಮೇಲಿನ ಮಾತು ಇದು. ಎರಡೂ ಕಡೆ ಬಾವಿಕಟ್ಟೆಯ ಮೇಲೆ ನಡೀತಿದ್ದದ್ದು ಒಂದೇ. "ಕಾನೂನಂತೆ, ಯಾವ ಕಾನೂನು? ಬಾವಿ ತವ್ಕೇ ಬುಡ್ತಿರ್ನಿಲ್ಲ ಕನಪ್ಪ, ಯಾರಾರ ಬಂದು ಸೇದಿ ಉಯ್ಲಿ ಅಂತ ಬಿಂದಿಗೆ ಇಟ್ಕಂಡು ಕಾಯ್ಬೇಕಾಗಿತ್ತು" ಅಂತ ನಮ್ಮ ಊರಿನ ಹಿರಿಯರೊಬ್ಬರು ಹೇಳ್ತಿದ್ದರು. ಅವರು ಹೇಳ್ತಿದ್ದದ್ದು ಸ್ವಾತಂತ್ರ್ಯ ಬಂದ ಮೇಲಿನ ಕಥೆ.

ಇವೆರಡನ್ನೂ, ಇನ್ನೂ ಅನೇಕ ಪ್ರಾಂತೀಯ ಕಾಯ್ದೆಗಳನ್ನೂ ರದ್ದು ಮಾಡಿ 1955ರಲ್ಲಿ ಇಡೀ ದೇಶಕ್ಕೆ ಒಂದು ಕಾಯ್ದೆ ಬಂತು. ಅಸ್ಪೃಶ್ಯತೆ (ಅಪರಾಧಗಳು) ಕಾಯ್ದೆ. ಇಳಯಪೆರುಮಾಳ್ ಸಮಿತಿ ಇದರ ಹುಳುಕುಗಳನ್ನೆಲ್ಲ 1969ರಲ್ಲಿ ಬರೆದುಕೊಟ್ಟಿತು. 1976ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ಹೆಸರೂ ಬದಲಾಯ್ತು: ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ, 1955. ಆಗ ಆದ ಬದಲಾವಣೆಗಳಲ್ಲಿ ನನಗೆ ಮುಖ್ಯ ಅನ್ನಿಸೋದು ಒಂದು. ಅಲ್ಲಿಯವರೆಗೆ ಕೋರ್ಟಿನ ಒಪ್ಪಿಗೆ ಪಡೆದು ಕೇಸು ರಾಜಿ ಮಾಡಿಕೊಳ್ಳಬಹುದಿತ್ತು. ಊರಲ್ಲಿ ರಾಜಿ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಗದ್ದೆ ಕೆಲಸ ಕೊಡೋನು ಒಂದು ಕಡೆ, ಅವನ ಗದ್ದೆಯಲ್ಲಿ ದುಡಿಯೋನು ಇನ್ನೊಂದು ಕಡೆ. 1976ರಲ್ಲಿ ಆ ಬಾಗಿಲು ಮುಚ್ಚಿದರು. (ಆ ಹೊತ್ತಿಗೆ ನಮ್ಮ ವಿಧಾನಸಭೆಯ ಸ್ಪೀಕರ್ ಆಗಿದ್ದವರು ಗುಂಡ್ಲುಪೇಟೆಯ ಕೆ.ಎಸ್. ನಾಗರತ್ನಮ್ಮ, ರಾಜ್ಯದ ಮೊದಲ ಮಹಿಳಾ ಸ್ಪೀಕರ್. ಕೇಂದ್ರದ ಕಾಯ್ದೆಗೂ ಅವರಿಗೂ ಸಂಬಂಧ ಇಲ್ಲ. ಊರಿನ ಅಭಿಮಾನಕ್ಕೆ ಹೇಳಿದೆ.)

ಈ ಕಾಯ್ದೆಯನ್ನ ನಾನು ಮೊದಲ ಸಲ ಪೂರ್ತಿ ಓದಿದ್ದು ಆ ಸಾಲದ ಆ್ಯಪ್ ಕೆಲಸ ಬಿಟ್ಟ ಮೇಲೆ. ಚಿಕ್ಕ ಕಾಯ್ದೆ, ಒಂದು ಗಂಟೆಯಲ್ಲಿ ಓದಿ ಮುಗಿಸಬಹುದು. ಎರಡು ಕಡೆ ನಿಂತುಬಿಟ್ಟೆ.

ಒಂದು, ಆರನೇ ಸೆಕ್ಷನ್. ಬೇರೆಯವರಿಗೆ ಮಾಮೂಲಿ ವ್ಯಾಪಾರದಲ್ಲಿ ಯಾವ ಹೊತ್ತಿಗೆ, ಯಾವ ಜಾಗದಲ್ಲಿ, ಯಾವ ಷರತ್ತಿನ ಮೇಲೆ ಸರಕು ಅಥವಾ ಸೇವೆ ಕೊಡ್ತೀಯೋ, ಅದೇ ಹೊತ್ತಿಗೆ, ಅದೇ ಜಾಗದಲ್ಲಿ, ಅದೇ ಷರತ್ತಿನ ಮೇಲೆ ಇವರಿಗೂ ಕೊಡಬೇಕು. ಅಸ್ಪೃಶ್ಯತೆಯ ಕಾರಣಕ್ಕೆ ಇಲ್ಲ ಅಂದರೆ ಅಪರಾಧ. ಬರೆದವರ ಕಣ್ಣೆದುರು ಇದ್ದದ್ದು ದಿನಸಿ ಅಂಗಡಿ, ಹೋಟೆಲಿನ ಬೇರೆ ಲೋಟ. ಆದರೆ 'ಅದೇ ಷರತ್ತು' ಅನ್ನೋ ಮಾತನ್ನ ಬಡ್ಡಿ ದರಕ್ಕೆ, ಇನ್ಶೂರೆನ್ಸ್ ಪ್ರೀಮಿಯಂಗೆ ಹಚ್ಚಿ ನೋಡಿ. ಎಪ್ಪತ್ತು ವರ್ಷ ಹಳೇ ವಾಕ್ಯ ಆ್ಯಪಿನ ಮೇಲೆ ನೇರ ಬಂದು ಕೂರುತ್ತೆ.

ಎರಡು, ಹನ್ನೆರಡನೇ ಸೆಕ್ಷನ್. ಈ ಕಾಯ್ದೆಯಲ್ಲಿ ಅಪರಾಧ ಅಂತ ಹೇಳಿರುವ ಕೆಲಸವೊಂದು ಪರಿಶಿಷ್ಟ ಜಾತಿಯ ವ್ಯಕ್ತಿಯ ವಿಷಯದಲ್ಲಿ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದದ್ದು ಅಂತ ಕೋರ್ಟು ಭಾವಿಸತಕ್ಕದ್ದು, ಅಲ್ಲ ಅಂತ ಸಾಬೀತಾಗುವವರೆಗೆ. ಬಾಗಿಲಲ್ಲಿ ತಡೆಸಿಕೊಂಡವನು 'ಇವನ ಮನಸ್ಸಲ್ಲಿ ಇದೇ ಇತ್ತು' ಅಂತ ತೋರಿಸಬೇಕಾಗಿಲ್ಲ. ತಡೆದವನು 'ನನ್ನ ಕಾರಣ ಬೇರೆ ಇತ್ತು' ಅಂತ ತೋರಿಸಬೇಕು. ಮನಸ್ಸಿನೊಳಗೆ ಇಣುಕಿ ನೋಡೋಕಾಗಲ್ಲ ಅನ್ನೋದು ಆ ಕಾಯ್ದೆ ಬರೆದವರಿಗೆ ಚೆನ್ನಾಗಿ ಗೊತ್ತಿತ್ತು. "ಬಾವಿ ರಿಪೇರಿ ಇತ್ತು ಸ್ವಾಮಿ", "ಹೋಟೆಲ್ಲು ಮುಚ್ಚೋ ಟೈಮಾಗಿತ್ತು" ಅಂತ ಹೇಳೋರ ಊರಿನಲ್ಲೇ ಅವರೂ ಬೆಳೆದಿದ್ದರಲ್ಲ.

ಇದನ್ನ ಸುಪ್ರೀಂ ಕೋರ್ಟು ಇನ್ನೊಂದು ಹೆಜ್ಜೆ ಮುಂದೆ ತಗೊಂಡು ಹೋದದ್ದೂ ಕರ್ನಾಟಕದ ಕೇಸಿನಲ್ಲೇ, ಅದೂ ನೀರಿನದೇ. ಹೊಸದಾಗಿ ಕೊರೆಸಿದ ಬೋರ್‌ವೆಲ್‌ನಿಂದ ನೀರು ತಗೊಳ್ಳೋಕೆ ಬಂದ ದಲಿತರನ್ನು ಬೆದರಿಸಿ ತಡೆದ ಪ್ರಕರಣ. ಕೆಳ ಕೋರ್ಟುಗಳು ಶಿಕ್ಷೆ ಕೊಟ್ಟವು, ಹೈಕೋರ್ಟು ಬಿಟ್ಟಿತು. 1992ರ ಡಿಸೆಂಬರ್‌ನಲ್ಲಿ ಕರ್ನಾಟಕ ರಾಜ್ಯ ವಿರುದ್ಧ ಅಪ್ಪಾ ಬಾಳು ಇಂಗಳೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಶಿಕ್ಷೆಯನ್ನ ಮತ್ತೆ ಎತ್ತಿ ಹಿಡಿಯಿತು. ನ್ಯಾಯಮೂರ್ತಿ ಕೆ. ರಾಮಸ್ವಾಮಿ ಅದರಲ್ಲಿ ಬರೆದ ಮಾತಿನ ಸಾರ: ಇಂಥ ಸಾಮಾಜಿಕ ಕಾಯ್ದೆಗಳಲ್ಲಿ ಅಪರಾಧಿಯ ಕೆಟ್ಟ ಉದ್ದೇಶವನ್ನ ಹುಡುಕುತ್ತಾ ಕೂರಬೇಕಾಗಿಲ್ಲ. ಇದನ್ನ ಓದುವಾಗ ನನ್ನ ತಲೆಯಲ್ಲಿ ಓಡ್ತಿದ್ದದ್ದು ನಮ್ಮ ಮಾಡೆಲ್ಲು. ಉದ್ದೇಶವೇ ಇಲ್ಲದ ಯಂತ್ರಕ್ಕೆ ಉದ್ದೇಶ ಹುಡುಕದ ಕಾನೂನು ಬೇಕು ಅಂತ ದೊಡ್ಡ ದೊಡ್ಡ ಕಡೆ ಚರ್ಚೆ ಆಗ್ತಿದೆ. ಅಂಥದೊಂದು ಕಾನೂನು ನಮ್ಮಲ್ಲಿ ಬೋರ್‌ವೆಲ್ ಪಕ್ಕದಲ್ಲೇ ಬಿದ್ದಿದೆ.

ಉದ್ದೇಶ ಬಿಟ್ಟು ಫಲಿತಾಂಶ ನೋಡೋದೂ ನಮಗೆ ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು. ಸಂಸ್ಥಾನದ ನೌಕರಿಗೆ ಬ್ರಾಹ್ಮಣೇತರರು ಅರ್ಜಿ ಹಾಕಬಾರದು ಅಂತ ಯಾವ ನಿಯಮವೂ ಇರಲಿಲ್ಲ. ಇವತ್ತಿನ ಭಾಷೆಯಲ್ಲಿ ಹೇಳೋದಾದರೆ ವ್ಯವಸ್ಥೆ ಜಾತಿ ಕೇಳ್ತಿರಲಿಲ್ಲ. ಆದರೂ ಕಚೇರಿಗಳಲ್ಲಿ ಕೂತಿದ್ದವರು ಯಾರು ಅಂತ ಎಣಿಸಿ ನೋಡಿದರೆ ಉತ್ತರ ಎದ್ದು ಕಾಣ್ತಿತ್ತು. ಸಮಿತಿ 1919ರಲ್ಲಿ ವರದಿ ಕೊಟ್ಟಿತು, 1921ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ವಿಶ್ವೇಶ್ವರಯ್ಯನವರು ದಿವಾನಗಿರಿ ಬಿಟ್ಟದ್ದಕ್ಕೆ ಇದರ ಬಗೆಗಿನ ಭಿನ್ನಾಭಿಪ್ರಾಯವೂ ಒಂದು ಕಾರಣ. ಪ್ರತಿಭೆಗೆ ಧಕ್ಕೆಯಾಗುತ್ತೆ ಅನ್ನೋದು ಅವರ ವಾದ. ಇವತ್ತು ಮಾಡೆಲ್ ತಂಡದಲ್ಲಿ 'ಅಕ್ಯುರಸಿ ಕಮ್ಮಿಯಾಗುತ್ತೆ' ಅಂತಾರಲ್ಲ, ಅದರ ಅಜ್ಜ ಅನ್ನಬಹುದು. ಅಮೆರಿಕದ ಸುಪ್ರೀಂ ಕೋರ್ಟು ಇದೇ ತರ್ಕಕ್ಕೆ ಬಂದದ್ದು 1971ರಲ್ಲಿ, ಗ್ರಿಗ್ಸ್ ವಿರುದ್ಧ ಡ್ಯೂಕ್ ಪವರ್ ಕೇಸಿನಲ್ಲಿ: ನಿಯಮ ಎಲ್ಲರಿಗೂ ಒಂದೇ ತರ ಕಂಡರೂ, ಅದು ಕರಿಯರನ್ನೇ ಹೊರಗಿಡುತ್ತಿದ್ದರೆ, ಕೆಲಸಕ್ಕೆ ಆ ನಿಯಮ ಯಾಕೆ ಬೇಕು ಅಂತ ಕಂಪನಿಯೇ ತೋರಿಸಬೇಕು.

ಮಿಲ್ಲರ್ ಸಮಿತಿಯ ಕೆಲಸದಲ್ಲಿ ಇನ್ನೊಂದು ಪಾಠವೂ ಇದೆ, ಅದು ಅಷ್ಟು ಹಿತವಾದದ್ದಲ್ಲ. ಅವರ ಹತ್ತಿರ ಜಾತಿವಾರು ಜನಗಣತಿ ಇತ್ತು, ಹಾಗಾಗಿ ಎಣಿಸೋಕಾಯ್ತು. ಜಾತಿಯನ್ನ ದಾಖಲಿಸದೇ ಇರೋ ಕಂಪನಿಯ ಮೇಲೆ ತಾರತಮ್ಯ ತೋರಿಸೋದು ಹೇಗೆ? ತೋರಿಸಬೇಕಾದರೆ ಯಾರು ಯಾವ ಜಾತಿ ಅಂತ ಎಲ್ಲೋ ಒಂದು ಕಡೆ ಬರೆದಿರಬೇಕು. ಬರೆದರೆ ಅದೇ ಮಾಹಿತಿ ಇನ್ನೊಬ್ಬರ ಕೈಗೆ ಸಿಗುತ್ತೆ. ಕರ್ನಾಟಕದಲ್ಲಿ ಪ್ರತಿ ಜಾತಿ ಸಮೀಕ್ಷೆಯೂ ಜಗಳವಾಗೋದಕ್ಕೆ ಕಾರಣ ಬೇರೆ ಇರಬಹುದು, ಆದರೆ ಈ ಭಯ ಸುಮ್ಮನೆ ತಳ್ಳಿಹಾಕೋ ಅಂಥದಲ್ಲ. ನನ್ನ ಮಟ್ಟಿಗೆ ಹೇಳೋದಾದರೆ, ಲೆಕ್ಕ ಇಡಲೇಬೇಕು, ಆದರೆ ಅದು ಕಂಪನಿಯ ಕೈಯಲ್ಲಿರಬಾರದು. ತಪಾಸಣೆ ಮಾಡುವ ಸ್ವತಂತ್ರ ಸಂಸ್ಥೆಯ ಕೈಯಲ್ಲಿರಬೇಕು.

ಹಳೇ ಕಾಯ್ದೆಯನ್ನ ಹೊಗಳಿ ಅಟ್ಟಕ್ಕೇರಿಸೋಕೂ ನಾನು ತಯಾರಿಲ್ಲ. 2022ರ ನವೆಂಬರ್‌ನಲ್ಲಿ ಚಾಮರಾಜನಗರ ತಾಲೂಕಿನ ಹೆಗ್ಗೋಠಾರದಲ್ಲಿ ಏನಾಯ್ತು ಅನ್ನೋದು ದೇಶದ ಪೇಪರುಗಳಲ್ಲೆಲ್ಲ ಬಂತು. ಮದುವೆಗೆ ಬಂದಿದ್ದ ದಲಿತ ಮಹಿಳೆಯೊಬ್ಬರು ಬೀದಿಯ ತೊಂಬೆಯಲ್ಲಿ ನೀರು ಕುಡಿದರು. ಅಷ್ಟಕ್ಕೇ ತೊಂಬೆಯ ನೀರನ್ನೆಲ್ಲ ಚೆಲ್ಲಿ ಗೋಮೂತ್ರ ಹಾಕಿ ತೊಳೆದರು. ಕಾಯ್ದೆ ಬಂದು ಅರವತ್ತೇಳು ವರ್ಷ ಆಗಿತ್ತು. ಕೇಸು ದಾಖಲಾಯ್ತು, ಅಧಿಕಾರಿಗಳು ಊರಿನ ದಲಿತರನ್ನು ಕರೆದುಕೊಂಡು ಹೋಗಿ ತೊಂಬೆಗಳ ನೀರು ಕುಡಿಸಿದರು. ಆದರೆ ಯೋಚಿಸಿ, ಅಷ್ಟಾದರೂ ಆದದ್ದು ಹೇಗೆ? ಯಾರೋ ನೋಡಿದರು, ಯಾರೋ ವಿಡಿಯೊ ಮಾಡಿದರು. ನೀರು ಹರಿದು ಹೋಗ್ತಿರೋದು ಕಾಣ್ತಿತ್ತು.

ಮೆಷಿನ್ನು ತೊಂಬೆ ತೊಳೆಯೋದು ಯಾರಿಗೂ ಕಾಣಲ್ಲ. ಸಾಲ ಸಿಗದೇ ಇರೋನಿಗೆ ತನಗೆ ಮಾತ್ರ ಸಿಗಲಿಲ್ಲವೋ ಬೀದಿಗೇ ಸಿಗಲಿಲ್ಲವೋ ಗೊತ್ತಾಗಲ್ಲ. ಪಕ್ಕದ ತೆಲಂಗಾಣದಲ್ಲಿ ಕಂಪ್ಯೂಟರ್ ಲೆಕ್ಕದ ಮೇಲೆ, ಮನೆಗೆ ಹೋಗಿ ನೋಡದೆ ರೇಷನ್ ಕಾರ್ಡ್ ರದ್ದು ಮಾಡಿದರು ಅನ್ನೋ ದೂರು ಸುಪ್ರೀಂ ಕೋರ್ಟಿನವರೆಗೆ ಹೋಯ್ತು. ಸುಮಾರು 19 ಲಕ್ಷ ಕಾರ್ಡುಗಳನ್ನ ಮತ್ತೆ ಪರಿಶೀಲಿಸಿ ಅಂತ 2022ರಲ್ಲಿ ಕೋರ್ಟು ಹೇಳಬೇಕಾಯ್ತು. ನಮ್ಮಲ್ಲೂ 2024ರ ನವೆಂಬರ್‌ನಲ್ಲಿ ಬಿಪಿಎಲ್ ಕಾರ್ಡ್ ರದ್ದತಿ ಗಲಾಟೆಯಾಗಿ, ಆದಾಯ ತೆರಿಗೆ ಕಟ್ಟೋರು, ಸರ್ಕಾರಿ ನೌಕರರನ್ನ ಬಿಟ್ಟು ಉಳಿದವರ ಕಾರ್ಡ್ ವಾಪಸ್ ಕೊಡಿ ಅಂತ ಸರ್ಕಾರವೇ ಹೇಳಿತು. ಕಾರ್ಡ್ ವಾಪಸ್ ಬಂದದ್ದು ಗಲಾಟೆಯಾದ್ದರಿಂದ. ನೆಟ್‌ವರ್ಕ್ ಸಿಗದ ಬೆಟ್ಟದ ಪೋಡುಗಳಲ್ಲಿ ಇರುವ ಸೋಲಿಗರು ಎಷ್ಟು ಗಲಾಟೆ ಮಾಡಬಲ್ಲರು? ಅವರು ಪರಿಶಿಷ್ಟ ಪಂಗಡ, ಹನ್ನೆರಡನೇ ಸೆಕ್ಷನ್ ಅವರಿಗೆ ಅನ್ವಯಿಸೋದೂ ಇಲ್ಲ. ಮುಸ್ಲಿಮರಿಗಿಲ್ಲ, ಹೆಂಗಸರಿಗೆ ಹೆಂಗಸರಾಗಿ ಇಲ್ಲ, ಅಂಗವಿಕಲರಿಗಿಲ್ಲ. 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲಿ ಅವಮಾನದ ಅಪರಾಧಕ್ಕೆ 'ಉದ್ದೇಶಪೂರ್ವಕ' ಅನ್ನೋ ಪದವೇ ಇದೆ. ಯಂತ್ರ ಅಲ್ಲೇ ತಪ್ಪಿಸಿಕೊಳ್ಳುತ್ತೆ.

ಹೊರಗಿನ ಜಗತ್ತಿನ ಕಥೆ ಬೇಗ ಹೇಳಿ ಮುಗಿಸ್ತೀನಿ. ಯುರೋಪಿನ ಎಐ ಕಾಯ್ದೆ 2024ರ ಆಗಸ್ಟ್‌ನಲ್ಲಿ ಜಾರಿಗೆ ಬಂತು. ಸಾಲ, ನೌಕರಿಯ ತೀರ್ಮಾನಗಳನ್ನ ಹೆಚ್ಚು ಅಪಾಯದ ಪಟ್ಟಿಗೆ ಸೇರಿಸಿತು. ಅದರ ಜೊತೆಗೆ, ಎಐನಿಂದ ಹಾನಿಯಾದಾಗ ಹಾನಿಗೊಳಗಾದವರ ಪರವಾಗಿ ಕೋರ್ಟು ಭಾವಿಸಬೇಕು ಅನ್ನೋ ಇನ್ನೊಂದು ಕಾನೂನಿನ ಕರಡೂ 2022ರಿಂದ ಇತ್ತು. ಹೆಚ್ಚುಕಮ್ಮಿ ನಮ್ಮ ಹನ್ನೆರಡನೇ ಸೆಕ್ಷನ್ನಿನ ದೂರದ ಸಂಬಂಧಿ. 2025ರ ಫೆಬ್ರವರಿಯಲ್ಲಿ ಅದನ್ನ ಕೈಬಿಡೋದಾಗಿ ಹೇಳಿದರು. ಅಮೆರಿಕದಲ್ಲಿ ಅದೇ ಏಪ್ರಿಲ್‌ನಲ್ಲಿ, ಗ್ರಿಗ್ಸ್ ಕೇಸಿನ ಆ ಫಲಿತಾಂಶದ ತರ್ಕವನ್ನ ಸರ್ಕಾರಿ ಇಲಾಖೆಗಳು ಆದಷ್ಟು ಬಳಸಬಾರದು ಅಂತ ಅಧ್ಯಕ್ಷರು ಆದೇಶ ಹೊರಡಿಸಿದರು.

ಅದೇ ವರ್ಷ ಕರ್ನಾಟಕ ಉಲ್ಟಾ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿದ್ದು ಅಷ್ಟಾಗಿ ಸುದ್ದಿಯಾಗಲಿಲ್ಲ. ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ ಕಾನೂನು ಮೇ ತಿಂಗಳಲ್ಲಿ ಸುಗ್ರೀವಾಜ್ಞೆಯಾಗಿ ಬಂದು, ಆಮೇಲೆ ಕಾಯ್ದೆಯಾಯ್ತು. ಎಲ್ಲರೂ ಮಾತಾಡಿದ್ದು ಕಂಪನಿಗಳು ಕಟ್ಟಬೇಕಾದ ಶೇ. 1ರಿಂದ 5ರ ಕಲ್ಯಾಣ ಶುಲ್ಕದ ಬಗ್ಗೆ. ಒಳಗೆ ಇನ್ನೊಂದು ವಿಷಯ ಇದೆ. ಕೆಲಸ ಹಂಚುವ, ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆಗಳು ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ, ಅಂಗವೈಕಲ್ಯದ ಆಧಾರದ ಮೇಲೆ ತಾರತಮ್ಯ ಮಾಡದಂತೆ ಕಂಪನಿ ಕ್ರಮ ಕೈಗೊಳ್ಳಬೇಕು. ಆ ವ್ಯವಸ್ಥೆ ಯಾವ ಆಧಾರದ ಮೇಲೆ ತೀರ್ಮಾನ ಮಾಡುತ್ತೆ ಅಂತ ಕೆಲಸಗಾರ ಕೇಳಿ ತಿಳಿಯಬಹುದು, ಕನ್ನಡದಲ್ಲೇ. ಕೆಲಸದಿಂದ ತೆಗೆಯಬೇಕಾದರೆ ಕಾರಣ ಬರೆದುಕೊಡಬೇಕು, 14 ದಿನ ಮುಂಚೆ ತಿಳಿಸಬೇಕು. ಯಂತ್ರದ ತಾರತಮ್ಯ ಅನ್ನೋದನ್ನ ಜಾತಿಯ ಹೆಸರು ಹಿಡಿದು ಕಾಯ್ದೆಯೊಳಗೆ ಬರೆದದ್ದು ಸಣ್ಣ ವಿಷಯವಲ್ಲ. ಇದು ಡೆಲಿವರಿ, ಕ್ಯಾಬ್‌ನಂಥ ಕೆಲಸಗಳಿಗೆ ಮಾತ್ರ. ಸಾಲ, ಬಾಡಿಗೆ ಮನೆ, ಇನ್ಶೂರೆನ್ಸ್ ಹೊರಗೇ ಉಳಿದಿವೆ.

'ಕ್ರಮ ಕೈಗೊಳ್ಳಬೇಕು' ಅನ್ನೋದರ ಮುಂದೆ ನಾನು ಹುಡುಕಿದೆ. ಹನ್ನೆರಡನೇ ಸೆಕ್ಷನ್ನಿನಂಥ ವಾಕ್ಯ ನನಗೆ ಸಿಗಲಿಲ್ಲ. ಕ್ರಮ ಕೈಗೊಂಡಿದ್ದೀವಿ ಅಂತ ಕಂಪನಿ ಒಂದು ಪಿಡಿಎಫ್ ತೋರಿಸಿದರೆ, ಅದು ಸುಳ್ಳು ಅಂತ ಸಾಬೀತು ಮಾಡೋ ಹೊರೆ ಬೈಕ್ ಮೇಲೆ ಓಡಾಡೋ ಹುಡುಗನ ತಲೆ ಮೇಲೆ ಬೀಳುತ್ತೆ. ಅವನ ಹತ್ತಿರ ಇರೋದು ಅವನ ಫೋನಿನ ಸ್ಕ್ರೀನ್‌ಶಾಟ್ ಮಾತ್ರ, ಸಾವಿರಾರು ಜನರ ಲೆಕ್ಕ ಇರೋದು ಕಂಪನಿಯ ಹತ್ತಿರ. ಪುರಾವೆ ಯಾರ ಕೈಲಿದೆಯೋ ಅವರೇ ಉತ್ತರ ಕೊಡಲಿ ಅನ್ನೋದಕ್ಕೆ ನಿಯಮಗಳಲ್ಲಿ ಎರಡು ಸಾಲು ಸಾಕು. ಆ ಸಾಲುಗಳ ಮಾದರಿ 1955ರಿಂದ ಅಲ್ಲೇ ಇದೆ.

ತೆರಕಣಾಂಬಿ ಕಡೆಯ ಹುಡುಗನೊಬ್ಬ ಬೆಂಗಳೂರಲ್ಲಿ ಡೆಲಿವರಿ ಮಾಡ್ತಾನೆ. ಎರಡು ತಿಂಗಳ ಹಿಂದೆ ಅವನ ಐಡಿ ಬ್ಲಾಕ್ ಆಯ್ತು, ನಿಯಮ ಉಲ್ಲಂಘನೆ ಅಂತ ಇಂಗ್ಲಿಷಿನಲ್ಲಿ ಒಂದು ಸಾಲಿನ ಮೆಸೇಜು. "ಯಾವ ನಿಯಮ ಅಣ್ಣ? ನಾನೇನ್ ಮಾಡ್ದಿ ಅಂತಾನಾರ ಯೋಳ್ಬೇಕಲ್ವ?" ಅಂದ. ಇಬ್ಬರೂ ಕೂತು ಕನ್ನಡದಲ್ಲಿ ಪತ್ರ ಬರೆದೆವು. ಈ ತೀರ್ಮಾನ ಮಾಡಿದ್ದು ಮನುಷ್ಯರೋ ಯಂತ್ರವೋ? ಯಾವ ಮಾಹಿತಿ ನೋಡಿ ಮಾಡಿತು? ಅದೇ ತಪ್ಪಿಗೆ ಬೇರೆಯವರ ಐಡಿಯೂ ಬ್ಲಾಕ್ ಆಗಿದೆಯಾ? 14 ದಿನದ ನೋಟಿಸ್ ಎಲ್ಲಿ? ಕೊನೆಗೆ ಅವನು ಇನ್ನೊಂದು ಪ್ರಶ್ನೆ ಸೇರಿಸು ಅಂದ, ಸೇರಿಸಿದೆ: ನನ್ನ ಆಧಾರ್ ಕಾರ್ಡಿನಲ್ಲಿರೋ ಬೀದಿಯ ಹೆಸರು ನಿಮ್ಮ ಸಿಸ್ಟಮ್ಮಿನಲ್ಲಿ ಎಲ್ಲೆಲ್ಲಿ ಬಳಕೆಯಾಗುತ್ತೆ? ಪತ್ರ ಹೋಗಿ ಮೂರು ವಾರ ಆಯ್ತು.